ನೆಟ್ಟಣದ ರಾಕ್ಷಸನೂ ಹಮೀದಾಕನ ಕೈಯೂ

ನೆಟ್ಟಣದ ಕಾಡಿಗೆಂದು ಪುತ್ತೂರಿನ ದರ್ಬೆಯಲ್ಲಿ ಬೆಳಿಗ್ಗೆ ಏಳೂವರೆಯ ಸರಕಾರಿ ಬಸ್ಸು ಹತ್ತಿದೆವು. ಹೆಂಗಸಾದ ನನಗೆ ಟಿಕೆಟು ಪುಕ್ಕಟೆ. "ಡೈರೆಕ್ಟರಿಗೆ ಫ್ರೀ, ಕ್ಯಾಮರಾದವನಿಗೆ ಚಾರ್ಜು. ಒಳ್ಳೆ ನ್ಯಾಯ ಮಾರಾಯ್ತಿ," ಎಂದು ಹಮೀದಾಕ ಕಿಟಕಿಯ ಬದಿ ಕೂತರು. ಬೇಡವೆಂದರೂ ಕ್ಯಾಮರಾ ಅಲುಗದಂತೆ ನಿಲ್ಲಿಸುವ ಟ್ರೈಪಾಡು ತಂದಿದ್ದರು.

ಮೂವತ್ತು ವರ್ಷ ಪುತ್ತೂರಿನ ಮದುವೆಗಳ ವೀಡಿಯೊ ತೆಗೆದವರು ಅವರು. ಎಡಿಟ್ ಮಾಡಿದವಳು ನಾನು. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ, ಯಾರೂ ಕರೆಯುವುದಿಲ್ಲ. ಸ್ಟುಡಿಯೋ ಮುಚ್ಚಿದ ಮೇಲೆ ಮನೆಯಲ್ಲಿ ಮಾತೇ ಇಲ್ಲವೆಂದು ಅವರ ಹೆಂಡತಿ ಆಯಿಶಮ್ಮ ನನ್ನೆದುರು ಕಣ್ಣೀರು ಹಾಕಿದ್ದರು. ನಾನು ಹತ್ತು ನಿಮಿಷದ ರಾಕ್ಷಸನ ಸಿನಿಮಾ ಮಾಡಹೊರಟಿದ್ದೆ. ಕಾಡಿನಲ್ಲಿ ಬಿದ್ದು ಸಿಕ್ಕಿದ ಕ್ಯಾಮರಾದೊಳಗೆ ಇದ್ದದ್ದು ಎಂಬಂತೆ ತೋರಿಸುವ ಬಗೆಯದು. ತೆಗೆಯುವವನು ಹೆದರಿ ಓಡುವುದರಿಂದ ಚಿತ್ರ ಅಲುಗಬೇಕು. ಹಾಗಾಗಿ ಅವರನ್ನೇ ಕರೆದೆ. ಕಾರಣ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಕಡಬದಲ್ಲಿ ಇಳಿದು ಬನ್ಸು, ಚಾ ತೆಗೆದುಕೊಂಡೆವು. ಗ್ಲಾಸು ಎತ್ತುವಾಗ ಚಾ ಅವರ ಬಿಳಿ ಅಂಗಿಗೆ ತುಳುಕಿತು.

"ಈ ಕೈ ನಡುಗುದಕ್ಕೇ ಅಲ್ವಾ ಸುಮಾ, ನನ್ನನ್ನು ಕರೆದದ್ದು?"

"ಹೌದು ಹಮೀದಾಕ," ಎಂದೆ. ಸುಳ್ಳು ಬಾಯಿಗೆ ಬರಲಿಲ್ಲ.

ಮುಂದಿನ ಬಸ್ಸಿನಲ್ಲಿ ನೆಟ್ಟಣದವರೆಗೂ ಅವರು ಅಂಗಿಯ ಚಾ ಕಲೆಯನ್ನೇ ಉಜ್ಜುತ್ತಿದ್ದರು. ಅವರನ್ನು ಇನ್ನಷ್ಟು ನೋಯಿಸಿದೆನಲ್ಲಾ ಎಂದು ನನಗೆ ಸಂಕಟವಾಯಿತು.

ರೈಲು ನಿಲ್ದಾಣದಿಂದ ಒಂದೆರಡು ಕಿಲೋಮೀಟರು ಒಳಗೆ, ತೊರೆಯ ಬದಿಯಲ್ಲಿ ಜಾಗ ನೋಡಿಟ್ಟಿದ್ದೆ. ಸುಳ್ಯದಿಂದ ಬೈಕಿನಲ್ಲಿ ಬಂದಿದ್ದ ನನ್ನ ತಮ್ಮ ಕುಶ ತೆಂಗಿನ ನಾರು ಹೊಲಿದ ಕಂಬಳಿ ಹೊದ್ದು ರಾಕ್ಷಸನಾದ. "ಬೇಗ ಮುಗಿಸಿ ಅಕ್ಕ, ಒಳಗೆ ಬೇಯ್ತಾ ಉಂಟು," ಎಂದ. ಅವನು ಗರ್ಜಿಸುತ್ತ ಬಂದರೆ ಹಮೀದಾಕ ಓಡಲೇ ಇಲ್ಲ. ಕ್ಯಾಮರಾವನ್ನು ತಲೆಯಿಂದ ಪಾದದವರೆಗೆ ನಿಧಾನವಾಗಿ ಇಳಿಸಿದರು. ಮತ್ತೆ ಮೇಲೆ ತಂದು, ಬಳೆ ತೋರಿಸುವಂತೆ ಅವನ ಉಗುರುಗಳ ಬಳಿ ನಿಲ್ಲಿಸಿದರು. "ಸ್ವಲ್ಪ ಇತ್ತ ನೋಡಿ," ಎಂದರು.

"ಅದು ಮದುಮಗಳಲ್ಲ ಮಾರಾಯ್ರೆ, ರಾಕ್ಷಸ," ಎಂದೆ.

ಕಂಬಳಿಯೊಳಗಿಂದ ಕುಶ ನಕ್ಕ. ಹಮೀದಾಕನಿಗೂ ತಡೆಯಲಾಗಲಿಲ್ಲ. "ಅಭ್ಯಾಸ ಬಿಡುದಿಲ್ಲ, ಎಂತ ಮಾಡುದು?" ಎಂದರು. ನನ್ನ ಜೀವ ಹಗುರವಾಯಿತು.

ಎರಡನೇ ಸಲ ಓಡಿದರು. ಕೊನೆಗೆ ಕ್ಯಾಮರಾ ತರಗೆಲೆಗಳ ಮೇಲೆ ಬೀಳಬೇಕಿತ್ತು, ತೆಗೆಯುವವನ ಮುಖ ಕಾಣಬಾರದಿತ್ತು. ಕ್ಯಾಮರಾ ಸರಿಯಾಗಿಯೇ ಬಿತ್ತು. ಅವರೂ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತರು.

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಅದನ್ನು ನೋಡಿದೆವು. ಬಿದ್ದ ಮೇಲೂ ಕ್ಯಾಮರಾ ಚಾಲೂ ಇತ್ತು. ಪರದೆಯ ತುಂಬ ಅವರ ಬೆವರಿದ ಮುಖ. ಕ್ಯಾಮರಾದ ಕೆಂಪು ದೀಪ ಇನ್ನೂ ಉರಿಯುವುದು ಕಂಡದ್ದೇ ನಡುಗುವ ಕೈಯಿಂದ ಕೂದಲು ಸರಿಮಾಡಿಕೊಂಡು, ನಾಚಿ ನಕ್ಕಿದ್ದರು. ಅಷ್ಟು ಮದುವೆಗಳಲ್ಲಿ 'ಇತ್ತ ನೋಡಿ' ಎನ್ನುವ ಅವರ ದನಿಯನ್ನು ನಾನೇ ಕತ್ತರಿಸಿ ತೆಗೆದಿದ್ದೆ. ಮುಖವಂತೂ ಒಂದರಲ್ಲೂ ಇರಲಿಲ್ಲ.

"ಕಟ್ ಮಾಡು. ರಾಕ್ಷಸನ ಬಾಯಿಗೆ ಬಿದ್ದವನು ನಗುದುಂಟಾ?"

"ಮಾಡುದಿಲ್ಲ," ಎಂದೆ.

ಅವರು ಆ ನಗುವನ್ನು ಇನ್ನೊಮ್ಮೆ ಹಾಕಿ ನೋಡಿ, "ಹಾಗಾದ್ರೆ ಆಯಿಶಳಿಗೆ ಮೊದಲು ತೋರಿಸುವ," ಎಂದರು.

ದರ್ಬೆಯಲ್ಲಿ ಇಳಿದಾಗ ಸಂಜೆಯಾಗಿತ್ತು. ಕ್ಯಾಮರಾವನ್ನು ಎದೆಗೆ ಅವಚಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಟ್ರೈಪಾಡನ್ನು ನನ್ನ ಕೈಗೆ ಕೊಟ್ಟರು.

"ಇದು ನಿನ್ನಲ್ಲೇ ಇರಲಿ, ಸುಮಾ. ನನಗಿನ್ನು ಬೇಡ. ಇನ್ನೊಂದು ರಾಕ್ಷಸ ಯಾವಾಗ?"