ಮೊದಲ ಗುಂಡಿನ ಗುರಿ

ಬಹರೈನಿನ ನಮ್ಮ ಶೂಟಿಂಗ್ ರೇಂಜಿಗೆ ಮಾಲೀಕರು ಕಡಿಮೆ ಬೆಲೆಯ ಬೇಟೆ ಬಂದೂಕುಗಳನ್ನು ತರಿಸಿದ್ದರು. ಒಮ್ಮೆಗೆ ಒಂದೇ ಗುಂಡು ತುಂಬುವಂಥವು. ಅವುಗಳ ಗುರಿ ಎಷ್ಟು ಸರಿಯಿದೆಯೆಂದು ನೋಡಿ ಹೇಳುವ ಕೆಲಸ ನನ್ನದು. ಮರಳಿನ ಚೀಲದ ಮೇಲಿಟ್ಟು ಹೊಡೆದರೆ, ಪ್ರತಿ ಬಂದೂಕಿನ ಮೊದಲ ಗುಂಡು ಗುರಿಹಲಗೆಯ ಕಾಗದದ ಅಂಚಿಗೆ ಹೋಗುತ್ತಿತ್ತು. ಆಮೇಲಿನವು ನಡುವಿನಲ್ಲೇ ಒತ್ತೊತ್ತಾಗಿ ಬೀಳುತ್ತಿದ್ದವು. ಸ್ಕ್ರೂ ಬಿಗಿದೆ, ಗುಂಡು ಬದಲಿಸಿದೆ, ಗಾಳಿಯನ್ನೂ ಬೈದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ. ತಲೆ ಕೆಟ್ಟು, ಹೊಡೆಯುವ ಮೊದಲೇ ಒಂದರ ನಳಿಗೆಯೊಳಗೆ ಬಟ್ಟೆ ತೂರಿಸಿದೆ. ಬಂದೂಕು ಇಡುವ ಎಸಿ ಕೋಣೆಯ ತಂಪಿಗೆ ಬೆಳ್ಳಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆ ಬಟ್ಟೆಗೆ ಮೆತ್ತಿಕೊಂಡು ಬಂತು! ಮೊದಲ ಗುಂಡು ಅದನ್ನು ಒರೆಸಿಕೊಂಡು ಹೋಗುವಾಗಲೇ ದಾರಿ ತಪ್ಪುತ್ತಿತ್ತು.

ದಿನಾ ಸಂಜೆ ಬಂದೂಕುಗಳನ್ನು ಒರೆಸಿಡುತ್ತಿದ್ದವನು ಗುದೈಬಿಯಾ ಬಡಾವಣೆಯಲ್ಲಿ ನನ್ನ ಜೊತೆ ರೂಮಿನಲ್ಲಿರುವ ಕಾರ್ಕಳದವ. ಮೀನು ಹುರಿಯುವ ನಮ್ಮ ಎಣ್ಣೆಯನ್ನೇ ತಂದಿದ್ದ.

“ಎಂಥದು ಮಾರಾಯ ಇದು?” ಎಂದು ಅವನನ್ನು ಕರೆದು ಬಟ್ಟೆ ತೋರಿಸಿ ಕಿರುಚಿದೆ.

“ಊರಲ್ಲಿ ಅಜ್ಜ ಹಂದಿ ಬೇಟೆಯ ಕೋವಿಗೆ ಇದನ್ನೇ ಹಾಕ್ತಿದ್ದದ್ದು. ತುಕ್ಕು ಹಿಡಿಯುದಿಲ್ಲ,” ಎಂದ. “ಎರಡನೇ ಗುಂಡಿಂದ ಸರಿ ಬೀಳ್ತದಲ್ಲ?”

“ಎರಡನೇದು ತುಂಬಿಸುವವರೆಗೆ ಹಂದಿ ನಿಲ್ತದಾ? ನಿನ್ನ ಅಜ್ಜ ಒಂದಾದರೂ ಹಂದಿ ಹೊಡೆದದ್ದುಂಟಾ?”

ಅವನು ಬಟ್ಟೆಯನ್ನು ಮೂಸಿ ನೋಡಿದ.

“ಇಲ್ಲ. ಕೋವಿಯೇ ಸರಿ ಇಲ್ಲ ಅಂತ ಸಾಯುವವರೆಗೂ ಬೈತಿದ್ರು.”