ಹಾಲಿನ ಅಂಟು

ಕೋಡ್ಲಾದ ಸಾಯಬಣ್ಣ ಬಡಿಗತನವನ್ನು ಯಾರ ಬಳಿಯೂ ಕುಂತು ಕಲಿತವನಲ್ಲ. ದನ ಕಾಯುವ ಮನೆತನ. ಬಾಚಿ ಹಿಡಿದದ್ದು ತಾನೇ, ಕೈ ಕೊಯ್ದುಕೊಂಡದ್ದೂ ತಾನೇ. ಚೀನಾ ಯುದ್ಧದ ಮರುವರ್ಷ ವಾಡಿ ಸ್ಟೇಷನ್ನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಿಲ್ಟ್ರಿಯವರು ಎಂಜಿನ್ನಿಲ್ಲದ ವಿಮಾನ ಕಟ್ಟಿನೋಡಲು ಹೊರಟಾಗ ಅವನನ್ನೂ ಕರೆದರು. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದೊಯ್ದು ಬಿಟ್ಟರೆ, ಹನ್ನೆರಡು ಮಂದಿ ಜವಾನರನ್ನು ಹೊತ್ತು ಸದ್ದಿಲ್ಲದೆ ಗುಡ್ಡದಲ್ಲಿ ಇಳಿಯಬೇಕು. ಗ್ಲೈಡರ್ ಎನ್ನುತ್ತಿದ್ದರು ಅದಕ್ಕೆ. ಮೈಯೆಲ್ಲ ಕಟ್ಟಿಗೆ, ಮೊಳೆಗಿಂತ ಅಂಟಿನ ಮೇಲೇ ಭರವಸೆ.

ಆ ಅಂಟು ಹಾಲಿನ ಪುಡಿಯದು. ಹೊತ್ತಾದರೆ ಹಿಡಿತ ಹೋಗುತ್ತದೆ, ಬೆಳಿಗ್ಗೆ ಕಲಸಿದ್ದನ್ನು ಮಧ್ಯಾಹ್ನ ಚೆಲ್ಲಬೇಕೆಂದು ಕ್ಯಾಪ್ಟನ್ ಸಾಹೇಬರ ಹುಕುಂ. ಹಾಲು ಚೆಲ್ಲಿದರೆ ಎಮ್ಮೆ ಬತ್ತುತ್ತದೆಂದು ನಂಬಿದ ಮನೆಯವನಿಗೆ ಕೈ ಬರಲಿಲ್ಲ. ಉಳಿದದ್ದಕ್ಕೆ ನೀರು ಬೆರೆಸಿ ಎಡರೆಕ್ಕೆಯ ತೊಲೆಯ ಜೋಡಣೆಗೆ ಹಚ್ಚಿಬಿಟ್ಟಿದ್ದ.

ಈಗ ಆ ರೆಕ್ಕೆಯನ್ನೇ ಬೋರಲು ಕಟ್ಟಿ, ಎಷ್ಟು ಭಾರ ತಡೆದೀತೆಂದು ಶಹಾಬಾದಿನ ಫರಸಿಕಲ್ಲುಗಳನ್ನು ಒಂದೊಂದಾಗಿ ಹೇರುತ್ತಿದ್ದರು. ಫಿಟ್ಟರ್ ಇಸಾಕ ಅದರಡಿ ಮಲಗಿ, ಎಷ್ಟು ಬಾಗಿತೆಂದು ಅಳತೆಪಟ್ಟಿ ಹಿಡಿದು ಕೂಗುತ್ತಿದ್ದ.

ಇಪ್ಪತ್ತನೆಯ ಕಲ್ಲಿಗೆ ಸಾಯಬಣ್ಣ ರೆಕ್ಕೆಯ ಹತ್ತಿರ ಸರಿದ. ಹೇಳಿದರೆ ಕೆಲಸ ಹೋಗುತ್ತದೆ. ಮೇಲೆ ಮಿಲ್ಟ್ರಿ ಮಾಲು ಕೆಡಿಸಿದ ಗುನ್ನೆ. ಹೇಳದಿದ್ದರೆ? ಇಸಾಕನ ಎದೆ ಸರಿಯಾಗಿ ಆ ಜೋಡಣೆಯ ಕೆಳಗೇ ಇತ್ತು.

“ಇಸಾಕ, ಹೊರಗ ಬಾ!”

“ಯಾಕ ಕಾಕಾ, ಹಸಿವಾತೇನು? ಇನ್ನೊಂದ್ ಹತ್ತು ಕಲ್ಲು ತಡೀರಿ.”

“ನಗಬ್ಯಾಡೋ ಮಾರಾಯಾ! ಅಲ್ಲಿ ಹಳೀ ಅಂಟು ಹಚ್ಚೀನಿ ನಾ!”

ಕ್ಯಾಪ್ಟನ್ ಕೈಯೆತ್ತಿದರು. ಹೇರುವುದು ನಿಂತಿತು. ಇಸಾಕ ಅರ್ಧ ಹೊರಬಂದವನು ಅಳತೆಪಟ್ಟಿ ಮರೆತೆನೆಂದು ಮತ್ತೆ ಒಳತಿರುಗಿದ. ಸಾಯಬಣ್ಣ ಹಿಂದೆಮುಂದೆ ನೋಡದೆ ಅವನ ಎರಡೂ ಕಾಲು ಹಿಡಿದು, ಕೆಸರಿಗೆ ಬಿದ್ದ ಕರುವನ್ನು ಜಗ್ಗಿದಂತೆ ಜಗ್ಗಿದ. ಒಣಜಾಲಿ ಸೀಳಿದಂಥ ಸದ್ದಾಗಿ ರೆಕ್ಕೆ ಕುಸಿಯಿತು. ಫರಸಿಗಳು ಒಂದರ ಮೇಲೊಂದು ಬಿದ್ದು ಚೂರಾದವು.

ಕ್ಯಾಪ್ಟನ್ ಕಳಚಿಬಿದ್ದ ತೊಲೆಯನ್ನು ಎತ್ತಿ ನೋಡಿದರು. ಜೋಡಣೆ ನುಣ್ಣಗೆ ಬಿಚ್ಚಿಕೊಂಡಿತ್ತು. ಕಟ್ಟಿಗೆಯ ಒಂದೆಳೆಯೂ ಹರಿದಿರಲಿಲ್ಲ. ಸಾಯಬಣ್ಣ ಕೈಕಟ್ಟಿ ನಿಂತ. ಸಾಹೇಬರು ಗುನ್ನೆ ಹಾಕಲಿಲ್ಲ, ಹಾಜರಿ ಪುಸ್ತಕದಿಂದ ಅವನ ಹೆಸರು ಹೊಡೆದುಹಾಕಿದರು.

ಊರಿಗೆ ಮರಳಲು ಸಾಯಬಣ್ಣ ಸೇಡಂ ಗಾಡಿಗೆಂದು ಹೊರಟಾಗ ಇಸಾಕ ಓಡಿಬಂದು ಹತಾರದ ಚೀಲ ಕಸಿದು ಹೆಗಲಿಗೇರಿಸಿದ.

“ಕೊಡಪಾ, ನಾನೇ ಒಯ್ತೀನಿ.”

“ಸುಮ್ಮ ನಡೀರಿ ಕಾಕಾ. ನಮ್ಮನ್ಯಾಗ ನನ್ನ ಹೇಣ್ತಿ ಬಷೀರಾಗ ಮಾತ್ರ ಏನೂ ಹೇಳಬ್ಯಾಡ್ರಿ. ಗೊತ್ತಾತಂದ್ರ ನಾಳಿಂದ ನನ್ನ ಕೆಲಸಾನೂ ಬಿಡಸ್ತಾಳ.”

ಸ್ಟೇಷನ್ನು ಬರುವತನಕ ಸಾಯಬಣ್ಣ ಎರಡು ಸಲ ಕೈಚಾಚಿದ. ಇಸಾಕ ಚೀಲವನ್ನು ಕೊಡಲಿಲ್ಲ.