ಲೈಟು ಬಡಿಯದ ಸುರಗಿ

ದೊಡ್ಡ ಕ್ಯಾಮೆರಾ ಬಾಡಿ ಕೊಳ್ಳಲೋ, ಹೊಸ ಲೆನ್ಸ್ ಕೊಳ್ಳಲೋ ಎಂದು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಕೈಯಲ್ಲಿದ್ದ ದುಡ್ಡಿಗೆ ಒಂದೇ ಬರುತ್ತಿತ್ತು. ಹೊಲಿಗೆ ಬಿಟ್ಟು ಫೋಟೋ ತೆಗೆಯಲು ಹೊರಟ ನನಗೆ ಅಲ್ಲಿಯವರೆಗೆ ಸಿಕ್ಕಿದ್ದು ಹುಟ್ಟುಹಬ್ಬ, ತೊಟ್ಟಿಲು ಶಾಸ್ತ್ರಗಳಷ್ಟೇ. ಈಗ ಉಣಕಲ್ಲಿನ ಒಬ್ಬ ತಾಯಿ ಮಗಳ ಸುರಗಿಗೆ ಕರೆದಿದ್ದರು. ಮದುವೆಗೆ ಮೊದಲು ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ದಾರ ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚಿ ನೀರೆರೆಯುವ ಶಾಸ್ತ್ರ ಅದು. ಫೋಟೋ ಮನಸ್ಸಿಗೆ ಬಂದರೆ ಮದುವೆಯ ಕೆಲಸವೂ ನನಗೇ ಎಂದಿದ್ದರು.

ನನ್ನ ಕಣ್ಣೆಲ್ಲ ಬಾಡಿಯ ಮೇಲೆ. ಮದುವೆ ಮನೆಯವರು ಮೊದಲು ನೋಡುವುದೇ ಕ್ಯಾಮೆರಾ ಎಷ್ಟು ದೊಡ್ಡದಿದೆ ಎಂದು. ಹುಬ್ಬಳ್ಳಿಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಚಾಚಾ ನನ್ನ ಫೋಟೋಗಳನ್ನೆಲ್ಲ ನೋಡಿದರು.

"ನಿನ್ನ ಈಗಿನ ಕ್ಯಾಮೆರಾ ಛಲೋನ ಐತಿ ಬೇಟಿ. ಫ್ಲ್ಯಾಶ್‌ಗೆ ಅಂಜಿ ಫೋಟೋದಾಗಿನ ಮಂದೀನ ಸೆಟದು ನಿಂತಾರ. ಕತ್ತಲಿ ಮನ್ಯಾಗೂ ಫ್ಲ್ಯಾಶ್ ಬೇಡದ ಲೆನ್ಸ್ ಐತಿ, ಇದನ್ನ ಒಯ್ಯಿ."

"ಇಷ್ಟ ಸಣ್ಣದು ಹಿಡ್ಕೊಂಡು ಹೋದ್ರ ನನ್ನ ಒಳಗರೆ ಬಿಡ್ತಾರೇನ್ರಿ?" ಎಂದು ರೇಗಿದೆ. ಆದರೆ ಬಾಡಿ ಮಾರಿದರೆ ಅವರಿಗೇ ಹೆಚ್ಚು ಲಾಭ. ಅದನ್ನು ಬಿಟ್ಟು ಹೇಳುತ್ತಿದ್ದಾರೆಂದರೆ ಸುಳ್ಳಿರಲಾರದು. ಮುಖ ಗಂಟಿಕ್ಕಿಕೊಂಡೇ ಲೆನ್ಸ್ ಕೊಂಡೆ.

ಸುರಗಿ ನಡೆದದ್ದು ಕಿಟಕಿಯೇ ಇಲ್ಲದ ಪಡಸಾಲೆಯಲ್ಲಿ. ಮೊದಲ ಹತ್ತು ಫೋಟೋಗಳಲ್ಲಿ ತಂಬಿಗೆ ಸ್ಪಷ್ಟ, ಮದುಮಗಳು ಮಸುಕು. ಚಾಚಾನಿಗೆ ಮನಸ್ಸಿನಲ್ಲೇ ಬೈದು, ಹತ್ತಿರ ಹೋಗಿ, ಕಣ್ಣಿಗೇ ಫೋಕಸ್ ಇಟ್ಟೆ. ಹೆಂಗಸರು ಹಾಡುತ್ತ, ಒಬ್ಬರಿಗೊಬ್ಬರು ಅರಿಶಿನ ಬಳಿಯುತ್ತ, ನಾನಿರುವುದನ್ನೇ ಮರೆತಿದ್ದರು.

ನೀರೆರೆದು ಮುಗಿದ ಮೇಲೆ ಮದುಮಗಳ ತಾಯಿ ಎಲ್ಲರ ಸೆರಗು ಸರಿಪಡಿಸಿ ಸಾಲಾಗಿ ನಿಲ್ಲಿಸಿದರು.

"ಈಗರೆ ತಗೀರಿ. ಆಗಿಂದ ನೋಡಾಕತ್ತೇನಿ, ಒಮ್ಮಿನೂ ಲೈಟ್ ಬಡೀಲಿಲ್ಲ."

ಫ್ಲ್ಯಾಶ್ ಮಿಂಚದಿದ್ದರೆ ಫೋಟೋ ಶುರುವೇ ಆಗಿಲ್ಲವೆಂದು ಅವರೆಲ್ಲ ತಿಳಿದಿದ್ದರು! ನಗು ಬಂತು, ಗೊತ್ತಿಲ್ಲದಂತೆ ತೆಗೆದದ್ದಕ್ಕೆ ಬೈದಾರೆಂದು ಹಿಂದೆಯೇ ಭಯವೂ ಆಯಿತು. ಕ್ಯಾಮೆರಾ ತಿರುಗಿಸಿ ತೋರಿಸಿದೆ. ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತಲೇ ಆ ತಾಯಿ ಅಳುತ್ತಿದ್ದ ಫೋಟೋ ಅದು. ಅವರು ಬಗ್ಗಿ ಅದನ್ನು ಹತ್ತಿರದಿಂದ ನೋಡಿದರು.

"ಯಾರಿಗೂ ಕಾಣಬಾರ್ದು ಅಂತ ಅತ್ತಿದ್ದೆನ್ರಿ."

"ಅಳಿಸಿಬಿಡ್ಲೇನ್ರಿ?" ಎಂದೆ. ಮದುವೆಯ ಕೆಲಸ ಹೋಯಿತೆಂದೇ ಅಂದುಕೊಂಡೆ.

"ಬ್ಯಾಡ್ರಿ. ಇದೊಂದು ದೊಡ್ಡದು ಮಾಡಿಸಿ ಕೊಡ್ರಿ, ಮಗಳ ಕೂಡ ಕಳಸ್ತೇನಿ. ನಾಡಿದ್ದಿನ ಮದುವಿಗೂ ನೀವ ಬರ್ರಿ."